ಬೀಜವಿಲ್ಲದ ಚೀಟಿ

ನಾನು ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೂ ನಮ್ಮೂರ ಕಚೇರಿಯ ಕಿಟಕಿಯಲ್ಲಿ ಕೂತು ಮೂವತ್ತೆಂಟು ವರ್ಷ ಚಪ್ಪಲಿಗಳ ಕೈಯಿಂದ ಚೀಟಿ ಇಸಕೊಂಡಿದ್ದೇನೆ. ಚಪ್ಪಲಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ, ಮಾತಿಗೆ ಹಾಗೆಂದೆ.

ನಮ್ಮೂರಲ್ಲಿ ಕಚೇರಿಗೆ ಮನುಷ್ಯರು ಹೋಗುವುದಿಲ್ಲ, ಅವರ ಚಪ್ಪಲಿಗಳು ಹೋಗುತ್ತವೆ. ಏನು ಬೇಕೋ ಅದನ್ನು ಚೀಟಿಯಲ್ಲಿ ಬರೆದು, ಬಲಗಾಲಿನ ಚಪ್ಪಲಿಯ ಹೆಬ್ಬೆರಳಿನ ಉಂಗುರಕ್ಕೆ ಸಿಕ್ಕಿಸಿ, ಅದರ ಹಿಮ್ಮಡಿಯನ್ನು ಮೂರು ಸಲ ನೆಲಕ್ಕೆ ತಟ್ಟಿದರೆ ಸಾಕು. ಜೋಡಿ ಎದ್ದು ಹೊರಡುತ್ತದೆ. ಬೀದಿಯ ಎಡಗಡೆ ಹಿಡಿದು ನಡೆಯುತ್ತದೆ, ಗಾಡಿ ಬಂದರೆ ದಾರಿ ಬಿಡುತ್ತದೆ, ನಾಯಿ ಕಂಡರೆ ಯಾರದಾದರೂ ಜಗಲಿ ಹತ್ತಿ ನಿಲ್ಲುತ್ತದೆ. ಹೊಸ ಜೋಡಿಗಳು ದಾರಿ ತಪ್ಪಿ ಕೆರೆ ಏರಿಯ ಮೇಲೆ ಸುಮ್ಮನೆ ನಿಂತಿರುವುದುಂಟು. ಕಂಡವರು ಕೋಲಿನಿಂದ ಮೆಲ್ಲಗೆ ಕಚೇರಿಯ ಕಡೆಗೆ ತಿರುಗಿಸಿ ಬಿಡುತ್ತಾರೆ. ಹೋದ ಜೋಡಿ ತಿರುಗಿ ಬರುವವರೆಗೂ ಯಜಮಾನ ಬರಿಗಾಲಲ್ಲಿ ಓಡಾಡಬೇಕು. ಹಾಗಾಗಿ ನಮ್ಮೂರವರ ಹಿಮ್ಮಡಿಯ ಮೇಲೆ ಕೊಬ್ಬರಿ ತುರಿಯಬಹುದು.

ಒಬ್ಬರ ಕಾಲಿಗೆ ಒಗ್ಗಿದ ಚಪ್ಪಲಿ ಇನ್ನೊಬ್ಬರ ಕಾಲಿಗೆ ಒಗ್ಗುವುದಿಲ್ಲವಲ್ಲ, ಅದಕ್ಕೇ ಚಪ್ಪಲಿ ಬಂತೆಂದರೆ ಆಳೇ ಬಂದ ಹಾಗೆ ಎನ್ನುವುದು ಕಚೇರಿಯ ನಿಯಮ. ಒಳಗೆ ಅಧಿಕಾರಿ ಹಾಲಪ್ಪಯ್ಯನವರು ಮುದ್ರೆ ಒತ್ತುತ್ತಾರೆ. ಒತ್ತಿದ ಮುದ್ರೆ ಒತ್ತಿದ್ದೇ. ಒಬ್ಬರ ವಸ್ತು ಇನ್ನೊಬ್ಬರಿಗೆ ಹೋಯಿತೆಂದರೆ, ಪಡೆದವರ ಚಪ್ಪಲಿಯೇ ಬಂದು ತಿರುಗಿ ಕೊಟ್ಟೆ ಎನ್ನಬೇಕು.

ಚಪ್ಪಲಿಗೆ ಓದು ಬರುವುದಿಲ್ಲ. ತನ್ನ ಉಂಗುರದಲ್ಲಿ ಯಾರ ಚೀಟಿಯಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ಯಾರೂ ಯೋಚಿಸಿರಲಿಲ್ಲ. ಯಾಕೆಂದರೆ ಇನ್ನೊಬ್ಬರ ಚಪ್ಪಲಿಯನ್ನು ಕೈಯಲ್ಲಿ ಮುಟ್ಟುವುದುಂಟೇ? ನಾನು ಕೂಡ ಚೀಟಿಯನ್ನು ಇಕ್ಕಳದಲ್ಲೇ ತೆಗೆಯುತ್ತಿದ್ದೆ. ಆ ಅಸಹ್ಯವೊಂದೇ ನಮ್ಮೂರ ಬೀಗ, ನಮ್ಮೂರ ಕಾವಲು.

ಬೀಗ ಮೊದಲು ಮುರಿದದ್ದು ಗಂಗಾಧರ ಮೇಷ್ಟ್ರ ಭಾವಮೈದ. ಮದುವೆಮನೆಯಲ್ಲಿ ಮೇಷ್ಟ್ರು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಾಗ, ಹೊರಗೆ ಅವರ ಚಪ್ಪಲಿಗೆ ಒಂದು ಚೀಟಿ ಸಿಕ್ಕಿಸಿ ಕಳಿಸಿದ. 'ಇಂದಿನಿಂದ ನನ್ನ ಹೆಸರು ಬೂದುಗುಂಬಳ.' ಹಾಲಪ್ಪಯ್ಯನವರು ಓದಿದರು, ಚಪ್ಪಲಿ ನೋಡಿದರು, ಒತ್ತಿದರು. ಅದು ಯಾರದೋ ತಮಾಷೆ ಎಂದು ಮೇಷ್ಟ್ರು ಮಾರನೆಯ ದಿನ ಹೆಸರು ತಿರುಗಿ ಬದಲಿಸಲು ಚೀಟಿ ಕಳಿಸಿದರೆ, ವರ್ಷಕ್ಕೆ ಒಂದೇ ಹೆಸರು ಎಂಬ ನಿಯಮ ಅಡ್ಡ ಬಂತು. ಒಂದು ವರ್ಷ ಇಡೀ ಶಾಲೆ 'ಬೂದುಗುಂಬಳ ಮೇಷ್ಟ್ರಿಗೆ ನಮಸ್ಕಾರ' ಎನ್ನಬೇಕಾಯಿತು. ವರ್ಷ ಮುಗಿದ ಮೇಲೂ ಯಾರೂ ಬಿಡಲಿಲ್ಲ.

ಆಮೇಲೆ ಹಾಲಪ್ಪಯ್ಯನವರು ಮೂರು ದಿನ ಯೋಚನೆ ಮಾಡಿ ಗುಲಗಂಜಿ ಪದ್ಧತಿ ತಂದರು. ತಿಂಗಳ ಮೊದಲ ದಿನ ನಾನು ಮನೆಮನೆಗೂ ಒಂದು ಹಿಡಿ ಗುಲಗಂಜಿ ಕೊಡಬೇಕು. ಚೀಟಿ ಬರೆದವರು ಅದರೊಳಗೆ ಒಂದು ಗುಲಗಂಜಿ ಇಟ್ಟು ಮಡಿಸಬೇಕು. ಗುಲಗಂಜಿ ಮನೆಯೊಳಗೆ ಡಬ್ಬಿಯಲ್ಲಿರುತ್ತದೆ, ಚಪ್ಪಲಿ ಹೊರಗಿರುತ್ತದೆ. ಹೊರಗೆ ನಿಂತು ಕಿಡಿಗೇಡಿತನ ಮಾಡುವವನಿಗೆ ಒಳಗಿನ ಕಾಳು ಎಲ್ಲಿ ಸಿಗಬೇಕು? ಊರಿಗೆ ಊರೇ ತಲೆದೂಗಿತು. ನಾನೂ ತೂಗಿದೆ.

ಈಗ ಮುದ್ದಮ್ಮನ ವಿಷಯ ಹೇಳುತ್ತೇನೆ. ಮುದ್ದಮ್ಮ ನನ್ನ ಪಕ್ಕದ ಮನೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಬೆಳಗ್ಗೆ ಜಗಲಿಯ ಮೇಲೆ ಕೂತು ದೋಸೆ ಹುಯ್ಯುತ್ತಾಳೆ. ಅವಳ ಕಬ್ಬಿಣದ ಕಾವಲಿ ಅವಳ ಅತ್ತೆಯ ಅತ್ತೆಯದು. ಅದರ ಮೇಲೆ ದೋಸೆ ಅಂಟಿದ್ದನ್ನು ಕಂಡವರಿಲ್ಲ. ಅಂಚು ತಾನಾಗಿ ಏಳುತ್ತದೆ, ಇವಳು ಸುಮ್ಮನೆ ಮಗುಚುವ ಕೈ ತೋರಿಸಿದರೆ ಸಾಕು, ಮಗ್ಗುಲಾಗುತ್ತದೆ. ಮದುವೆಯಾಗಿ ಬಂದ ಮೇಲೆ ಅತ್ತೆ ಇವಳಿಗೆ ಮನೆಯ ಬೀಗದಕೈ ಕೊಟ್ಟಿದ್ದು ಮೂರು ವರ್ಷಕ್ಕೆ, ಕಾವಲಿ ಕೊಟ್ಟಿದ್ದು ಹದಿನಾರು ವರ್ಷಕ್ಕೆ.

ಬೀದಿಯ ಆ ತುದಿಯಲ್ಲಿ ಶೇಷಪ್ಪನ ಹೋಟೆಲು. ಶೇಷಪ್ಪನ ಕೇಸರಿಬಾತಿಗೆ ಹೆಸರುಂಟು, ದೋಸೆಗೆ ಇಲ್ಲ. ಅವನ ದೋಸೆ ಕಾವಲಿ ಬಿಟ್ಟು ಬರುತ್ತಿದ್ದದ್ದು ಪುಡಿಪುಡಿಯಾಗಿ. ಬೂದುಗುಂಬಳ ಮೇಷ್ಟ್ರು ಒಂದು ಸಲ ತಟ್ಟೆ ನೋಡಿ, "ಶೇಷಪ್ಪ, ಉಪ್ಪಿಟ್ಟು ಚೆನ್ನಾಗಿದೆ" ಅಂದರಂತೆ. ಆವತ್ತಿನಿಂದ ಶೇಷಪ್ಪನ ಕಣ್ಣು ಮುದ್ದಮ್ಮನ ಕಾವಲಿಯ ಮೇಲೆ.

ಒಂದು ಮಂಗಳವಾರ ಹೋಟೆಲಿನ ಮುಂದೆ ಹಲಗೆ ಬಿತ್ತು. 'ಎಲ್ಲರಿಗೂ ಕೇಸರಿಬಾತ್ ಬಿಟ್ಟಿ. ಚಪ್ಪಲಿ ಹೊರಗೆ ಬಿಡಿ.' ಹೋಟೆಲಿಗೆ ಚಪ್ಪಲಿ ಬಿಟ್ಟು ಹೋಗುವುದು ಎಲ್ಲಿಯ ಕ್ರಮ ಎಂದು ಒಬ್ಬರಾದರೂ ಕೇಳಬೇಕಿತ್ತು. ದ್ರಾಕ್ಷಿ, ಗೋಡಂಬಿ ಹಾಕಿದ ಕೇಸರಿಬಾತಿನ ಮುಂದೆ ಯಾರು ಕೇಳುತ್ತಾರೆ. ಮುದ್ದಮ್ಮನೂ ಹೋದಳು. ಅವಳು ಎರಡನೇ ಸಲ ಹಾಕಿಸಿಕೊಳ್ಳುವ ಹೊತ್ತಿಗೆ ಅವಳ ಚಪ್ಪಲಿ ನನ್ನ ಕಿಟಕಿಯ ಮುಂದಿತ್ತು.

ಚೀಟಿಯಲ್ಲಿ ಹೀಗಿತ್ತು: 'ನನ್ನ ದೋಸೆ ಕಾವಲಿಯನ್ನು ಹೋಟೆಲ್ ಶೇಷಪ್ಪನವರಿಗೆ ಸಂತೋಷದಿಂದ ಕೊಟ್ಟಿದ್ದೇನೆ.' ನಾನು ಮೂರು ಸಲ ಓದಿದೆ, ನನ್ನ ಓದು ಅಷ್ಟಕ್ಕಷ್ಟೇ ಎಂದು. ಬಿಡಿಸಿ ಕೊಡವಿದೆ. ಗುಲಗಂಜಿ ಇರಲಿಲ್ಲ. ಒಳಗೆ ಹೋಗಿ ಹೇಳಿದೆ, "ಅಯ್ಯನವರೆ, ಇದರಲ್ಲಿ ಕಾಳಿಲ್ಲ."

ಹಾಲಪ್ಪಯ್ಯನವರು ಕನ್ನಡಕ ಏರಿಸಿ ನಿಯಮದ ಪುಸ್ತಕ ತೆಗೆದರು. ಅವರೇ ಬರೆದದ್ದು, ಆದರೂ ಬೇರೆಯವರದೇನೋ ಎನ್ನುವ ಹಾಗೆ ಓದುತ್ತಿದ್ದರು. "ಚೀಟಿಯೊಡನೆ ಬಂದ ಗುಲಗಂಜಿಯು ಹುಳುಕಿಲ್ಲದೆ, ಒಡೆಯದೆ, ಕಪ್ಪು ಚುಕ್ಕೆಯ ಸಮೇತ ಇದೆಯೇ ಎಂದು ಪರೀಕ್ಷಿಸತಕ್ಕದ್ದು. ಬಂದ ಗುಲಗಂಜಿ ಅಂತಿದೆ, ತಾಯಮ್ಮ. ಇಲ್ಲಿ ಬಂದೇ ಇಲ್ಲವಲ್ಲ. ಬಾರದ್ದನ್ನು ಏನಂತ ಪರೀಕ್ಷಿಸಲಿ?"

"ಹಂಗಾರೆ ಹುಳುಕು ಕಾಳು ತಂದೋರು ವಾಪಸ್ಸು ಹೋಗ್ಬೇಕು, ಕಾಳೇ ತರದೋರು ಒಳಕ್ಕೆ ಬರ್ಬೋದಾ ಬುದ್ಧಿ?"

"ನಿಯಮ ಹಾಗೆ ಹೇಳುತ್ತದೆ," ಎಂದು ಒತ್ತಿದರು.

ಮಧ್ಯಾಹ್ನ ಇಬ್ಬರು ಆಳುಗಳು ಕಾವಲಿಯನ್ನು ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ಹೆಣ ಹೊತ್ತ ಹಾಗೆ ಕಂಡಿತು. ಮುದ್ದಮ್ಮ ಹಿಂದೆ ಬರಿಗಾಲಲ್ಲಿ ಬಂದು ನನ್ನ ಕಿಟಕಿಯ ಸರಳು ಹಿಡಿದಳು. "ಸಂತೋಸದಿಂದ ಅಂತೆ. ತಾಯಕ್ಕ, ನಾನು ಸಂತೋಸ್ವಾಗಿ ಯಾವತ್ತು ಏನು ಕೊಟ್ಟಿದ್ದೀನಿ ಹೇಳು. ನಿಂಗೇ ಚಟ್ನಿ ಎರಡನೇ ಸಲ ಕೇಳಿದ್ರೆ ಬೈತೀನಿ."

ನಿಜ. ನಲವತ್ತು ವರ್ಷದ ನೆರೆಹೊರೆಯಲ್ಲಿ ಅವಳು ಹಾಗೆ ಕೊಟ್ಟದ್ದು ನನಗೆ ನೆನಪಿಲ್ಲ, ಮತ್ತು ನನಗೆ ಎಲ್ಲವೂ ನೆನಪಿರುತ್ತದೆ.

"ಬರೀ ಕಬ್ಣ ಅಲ್ಲ ಕಣಕ್ಕ ಅದು," ಎಂದು ಧ್ವನಿ ಇಳಿಸಿದಳು. "ನಮ್ಮತ್ತೆ ಸಾಯೋ ಹೊತ್ಗೂ ನನ್ನ ಸೊಸೆ ಅನ್ಲಿಲ್ಲ, ದೋಸೆಯೋಳು ಅಂದ್ಲು. ಕಾವಲಿ ಹೋದ್ರೆ ನಾನು ಯಾರು?" ಕಿಟಕಿಯ ಕೆಳಗಿನ ತಂಬಿಗೆ ನೀರು ಕೊಟ್ಟೆ.

ಹಾಲಪ್ಪಯ್ಯನವರು ಮಾತ್ರ ಕೆಟ್ಟವರಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಬೆಳಗ್ಗೆ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರು: ಗುಲಗಂಜಿ ಇರಲೇಬೇಕು. ಇನ್ನು ನಿಶ್ಚಿಂತೆ ಎಂದರು. ಮುಂದಿನ ಮಂಗಳವಾರ ಮುದ್ದಮ್ಮನ ಚಪ್ಪಲಿ ಮತ್ತೆ ಬಂತು. ಅವಳು ಹೋಟೆಲಿಗೆ ಕೇಸರಿಬಾತಿಗೆ ಹೋಗಿರಲಿಲ್ಲ, ಬೈಯಲು ಹೋಗಿದ್ದಳು. ಆದರೆ ಬೈಯಲು ಹೋದವಳೂ ಹಲಗೆ ನೋಡಿ ಚಪ್ಪಲಿ ಹೊರಗೇ ಬಿಟ್ಟಿದ್ದಳು, ಅಭ್ಯಾಸ. ಈ ಸಲದ ಚೀಟಿಯಲ್ಲಿ ಅವಳ ರುಬ್ಬುವ ಗುಂಡು ಶೇಷಪ್ಪನಿಗೆ ಹೋಗಿತ್ತು, ಅದೂ ಸಂತೋಷದಿಂದ. ಒಳಗೆ ಒಂದು ಗುಲಗಂಜಿ, ದುಂಡಗೆ, ಕೆಂಪಗೆ, ಕಪ್ಪು ಚುಕ್ಕೆಯ ಸಮೇತ. ಹಾಲಪ್ಪಯ್ಯನವರು ಬೆಳಕಿಗೆ ಹಿಡಿದು ನೋಡಿ ಒತ್ತಿದರು.

ನಾನು ಆ ಕಾಳನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಇರುವೆ ಬಂತು. ಆಮೇಲೆ ನಾಲ್ಕು. ಊಟದ ಹೊತ್ತಿಗೆ ಕಿಟಕಿಯಿಂದ ಮೇಜಿನವರೆಗೆ ಸಾಲೇ ಕಟ್ಟಿತು. ಮೂಸಿ ನೋಡಿದರೆ ತುಪ್ಪ, ಏಲಕ್ಕಿ. ಅದುವರೆಗೆ ನನ್ನ ಮೇಜಿನ ಯಾವ ಗುಲಗಂಜಿಗೂ ಇರುವೆ ಹತ್ತಿರಲಿಲ್ಲ. ನಾನು ಅದನ್ನು ಹೋಗುವವರಿಗೆ ಬರುವವರಿಗೆ ಮೆಲ್ಲಗೆ ತೋರಿಸಿದೆ, ಅಷ್ಟೇ. ಸುದ್ದಿಗೆ ಚಪ್ಪಲಿ ಬೇಕಿಲ್ಲವಲ್ಲ, ಸಂಜೆಗೆ ಶೇಷಪ್ಪನಿಗೆ ಮುಟ್ಟಿತು.

ಅದರ ಮುಂದಿನ ಮಂಗಳವಾರ ಶೇಷಪ್ಪ ತಾನೇ ಬಂದು ಕರೆದ. "ತಾಯಮ್ಮೋರೆ, ಊರಿಗೆಲ್ಲ ಹಾಕಿದೀನಿ, ನಿಮಗೆ ಹಾಕಿಲ್ಲ ಅಂತ ನನಗೆ ನಿದ್ದೆ ಬತ್ತಿಲ್ಲ." ಊಟದ ಬಿಡುವಿನಲ್ಲಿ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಗೊತ್ತಿದ್ದೂ ಬಿಟ್ಟೆಯಾ ಎಂದು ಮುದ್ದಮ್ಮ ಈಗಲೂ ಕೇಳುತ್ತಾಳೆ. ಗೊತ್ತಿದ್ದೇ ಬಿಟ್ಟೆ ಎಂದು ಹೇಳುತ್ತೇನೆ. ನಿಜ ಹೇಳಬೇಕೆಂದರೆ ಕೇಸರಿಬಾತಿನ ವಾಸನೆ ಬರುತ್ತಿತ್ತು.

ತಿಂದು ಹೊರಗೆ ಬಂದರೆ ನನ್ನ ಚಪ್ಪಲಿ ಇಲ್ಲ. ಬರಿಗಾಲಲ್ಲಿ ಕಚೇರಿಗೆ ನಡೆದೆ. ನನ್ನ ಚಪ್ಪಲಿ ನನ್ನ ಕಿಟಕಿಯ ಮುಂದೆ ನಿಂತು, ಖಾಲಿ ಕುರ್ಚಿ ನೋಡುತ್ತ ನನ್ನನ್ನೇ ಕಾಯುತ್ತಿತ್ತು. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಇಕ್ಕಳ ತೆಗೆದು, ನನ್ನ ಚಪ್ಪಲಿಯಿಂದ ನನ್ನ ಚೀಟಿ ತೆಗೆದು ಓದಿದೆ. 'ನನಗೆ ವಯಸ್ಸಾಯಿತು. ಇಂದಿನಿಂದ ಕೆಲಸ ಬಿಟ್ಟಿದ್ದೇನೆ. ಇಂತಿ ಚಿಕ್ಕತಾಯಮ್ಮ.' ಒಳಗೆ ಅಂಟಂಟು ಗುಲಗಂಜಿ.

ಹಾಲಪ್ಪಯ್ಯನವರ ಮುಂದೆ ಇಟ್ಟೆ. ಅವರು ಓದಿ ಕಣ್ಣು ಒರೆಸಿಕೊಂಡರು. "ಹೀಗೆ ಇದ್ದಕ್ಕಿದ್ದ ಹಾಗೆ ಹೋಗಿಬಿಡುತ್ತೀರಾ ತಾಯಮ್ಮ?"

"ನಾನು ಬರೆದಿಲ್ಲ ಬುದ್ಧಿ."

"ನಿಮ್ಮ ಚಪ್ಪಲಿ ಬಂದಿದೆಯಲ್ಲ."

"ನಾನೂ ಬಂದಿದೀನಲ್ಲ. ಇಲ್ಲೇ ನಿಂತಿದೀನಿ. ಬರೆದಿಲ್ಲ ಅಂತೀನಿ."

ಅವರಿಗೆ ಕಷ್ಟಕ್ಕಿಟ್ಟುಕೊಂಡಿತು. ನನ್ನನ್ನೂ ನೋಡಿದರು, ಚಪ್ಪಲಿಯನ್ನೂ ನೋಡಿದರು. "ಪುಸ್ತಕದಲ್ಲಿ ಚಪ್ಪಲಿಯ ಬಗ್ಗೆ ಇದೆ, ಮನುಷ್ಯರ ಬಗ್ಗೆ ಇಲ್ಲ," ಎಂದರು. "ಗುಲಗಂಜಿಯೂ ಸರಿಯಾಗಿದೆ." ಮುದ್ರೆಗೆ ಕೈ ಹಾಕಿದರು.

"ಅಯ್ಯನವರೆ, ಒಂದು ಮಾತು. ಊರಿಗೆಲ್ಲ ಕಾಳು ಹಂಚೋಳು ನಾನು. ನನಗೆ ಯಾರು ಹಂಚ್ತಾರೆ?"

"ಯಾರು?"

"ಯಾರೂ ಇಲ್ಲ. ನಾನು ಚೀಟಿ ಕಳಿಸೋಳಲ್ಲ, ಇಸ್ಕೊಳೋಳು. ನಮ್ಮನೇಲಿ ಒಂದು ಗುಲಗಂಜಿನೂ ಇಲ್ಲ. ಹಂಗಾರೆ ನನ್ನ ಚೀಟಿಲಿರೋ ಈ ಕಾಳು ಯಾರದು?"

ಮುದ್ರೆ ಗಾಳಿಯಲ್ಲೇ ನಿಂತಿತು. ಇಷ್ಟು ದಿನ ಅವರು ಕಾಳು ಇದೆಯೇ ಎಂದು ನೋಡಿದ್ದರು, ಕಾಳು ಸರಿಯಿದೆಯೇ ಎಂದು ನೋಡಿದ್ದರು. ಯಾರ ಕಾಳು ಎಂದು ನೋಡಿರಲಿಲ್ಲ. ಎಲ್ಲರಿಗೂ ಒಂದೇ ಬಳ್ಳಿಯದು ಕೊಟ್ಟರೆ ನೋಡುವುದಾದರೂ ಹೇಗೆ. ಅಷ್ಟರಲ್ಲಿ ಇರುವೆಗಳು ಬಂದವು. ಹಾಲಪ್ಪಯ್ಯನವರು ಬಗ್ಗಿ ಮೂಸಿದರು, ಮತ್ತೆ ಮೂಸಿದರು. "ಶೇಷಪ್ಪ ಗೋಡಂಬಿ ಜಾಸ್ತಿ ಹಾಕುತ್ತಾನೆ," ಎಂದಷ್ಟೇ ಹೇಳಿ ಮುದ್ರೆಯನ್ನು ಡಬ್ಬಿಗೆ ಹಾಕಿದರು.

ಆ ವಾರವೇ ಗುಲಗಂಜಿ ರದ್ದಾಯಿತು. ನೂರ ಹನ್ನೊಂದು ಮನೆಗೆ ನಾನು ನೂರ ಹನ್ನೊಂದು ಬಗೆ ಮಾಡಿದೆ. ಒಬ್ಬರಿಗೆ ಹುಣಸೆಬೀಜ, ಒಬ್ಬರಿಗೆ ಅಂಟುವಾಳ, ಒಬ್ಬರಿಗೆ ಹೀರೆಬೀಜ ಮೂರು. ಬಗೆ ಸಾಲದಾದಾಗ ಒಂದು ಬೇವು ಎರಡು ಹೊಂಗೆ ಎಂದು ಬೆರೆಸಿದೆ. ಬೂದುಗುಂಬಳ ಮೇಷ್ಟ್ರಿಗೆ ಏನು ಕೊಟ್ಟೆ ಎಂದು ಹೇಳುವುದಿಲ್ಲ, ನೀವು ಊಹಿಸಿದ್ದು ಮಾತ್ರ ಅಲ್ಲ. ಪ್ರತಿ ಮನೆಗೂ ನಾನೇ ಹೋಗಿ, ಕೈ ಮುಚ್ಚಿ ಕೈಯಲ್ಲಿಟ್ಟು, ಯಾರಿಗೂ ತೋರಿಸಬೇಡಿ ಎಂದೆ. ಪಟ್ಟಿ ಬರೆಯಿರಿ ಎಂದರು ಹಾಲಪ್ಪಯ್ಯನವರು. ಬರೆದರೆ ಯಾರಾದರೂ ಓದುತ್ತಾರೆ ಎಂದೆ. ನನ್ನ ಓದು ಎರಡನೇ ಕ್ಲಾಸಾದರೂ ನೆನಪು ಹಾಗಲ್ಲ.

ಶೇಷಪ್ಪನಿಗೆ ಒಂದು ದೊಡ್ಡ ಹಲಸಿನ ಬೀಜ ಕೊಟ್ಟೆ. ಅದನ್ನು ಸುತ್ತಿದ ಚೀಟಿ ಉಂಗುರಕ್ಕೆ ಸಿಕ್ಕಿಸಿದರೆ ಚಪ್ಪಲಿ ಕುಂಟಬೇಕು. ಅದು ನನ್ನ ಸ್ವಂತ ಬುದ್ಧಿ. ಜನ ಈಗ ಅವನ ಹೋಟೆಲಿನಲ್ಲಿ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಕೇಸರಿಬಾತ್ ತಿನ್ನತೊಡಗಿದರು. ತಿನ್ನುವುದನ್ನು ಬಿಡಲಿಲ್ಲ. ಅವನು ಚೀಟಿ ಸಿಕ್ಕಿಸಲು ಬಳಸಿದ್ದು ಬೋಂಡಾ ತೆಗೆಯುವ ಇಕ್ಕಳ ಎಂದು ಸುದ್ದಿಯಾದ ಮೇಲೆ ಬೋಂಡಾ ಮಾತ್ರ ಬಿಟ್ಟರು.

ಆದರೆ ಕಾವಲಿ? "ಶೇಷಪ್ಪನ ಚಪ್ಪಲಿ ಬಂದು ತಿರುಗಿ ಕೊಡಬೇಕು," ಎಂದರು ಹಾಲಪ್ಪಯ್ಯನವರು. ಅವನಿಗೆ ದಂಡವಿಲ್ಲವೇ ಎಂದು ಕೇಳಿದ್ದಕ್ಕೆ, "ತಪ್ಪು ಮಾಡುವಾಗ ಅವನ ಚಪ್ಪಲಿ ಬಂದಿಲ್ಲವಲ್ಲ ತಾಯಮ್ಮ. ಬಾರದ ಚಪ್ಪಲಿಯನ್ನು ಹೇಗೆ ದಂಡಿಸಲಿ?" ಎಂದರು. ಮುದ್ದಮ್ಮ ಬೆಳಗ್ಗೆ ಜಗಲಿಯ ಮೇಲೆ ಹಿಟ್ಟಿಲ್ಲದೆ, ಒಲೆಯಿಲ್ಲದೆ ಕೂರುತ್ತಿದ್ದಳು. ಅಭ್ಯಾಸಬಲದಿಂದ ಅವಳ ಕೈ ಗಾಳಿಯಲ್ಲಿ ದುಂಡಗೆ ತಿರುಗುತ್ತಿತ್ತು. ಅದನ್ನು ನೋಡಲಾರದೆ ನಾನು ಬೇರೆ ಬೀದಿಯಿಂದ ಕಚೇರಿಗೆ ಹೋಗತೊಡಗಿದೆ.

ಒಂದು ದಿನ ಶೇಷಪ್ಪನ ಚಪ್ಪಲಿ ಬಂತು. ಕುಂಟದೆ, ಠೀವಿಯಿಂದ. ಅದರ ಹಿಂದೆಯೇ ಮುದ್ದಮ್ಮ ಬಂದು ಕಿಟಕಿಯ ಪಕ್ಕ ನಿಂತು, ಸೂರಿನ ಗುಬ್ಬಿ ನೋಡುತ್ತಿದ್ದಳು. ನಾನು ಚೀಟಿ ತೆಗೆದೆ. 'ಕಾವಲಿ, ರುಬ್ಬುವ ಗುಂಡು ಎರಡನ್ನೂ ಮುದ್ದಮ್ಮನವರಿಗೆ ತಿರುಗಿ ಕೊಟ್ಟಿದ್ದೇನೆ. ನಾನು ಕಳ್ಳ. ಇಂತಿ ಶೇಷಪ್ಪ.' ಒಳಗೆ ಎರಡು ಸೀತಾಫಲದ ಬೀಜ, ಒಂದು ಬೇವಿನ ಬೀಜ. ಅದನ್ನು ನಾನು ಯಾರ ಕೈಯಲ್ಲಿಟ್ಟಿದ್ದೆ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ.

"ಶೇಷಪ್ಪಂಗೆ ಬುದ್ಧಿ ಬಂದಂಗದೆ," ಎಂದಳು ಮುದ್ದಮ್ಮ, ಗುಬ್ಬಿಗೆ.

"ಬೀಜ ಅವನದಲ್ಲ."

"ಯಾವುದೋ ಒಂದು ಬೀಜ. ಒಳಕ್ಕೆ ಕೊಡಕ್ಕ."

"ಮುದ್ದು, ಇದು ನಿಂದು."

ಅವಳು ಸರಳಿಗೆ ಹಣೆ ಆನಿಸಿ, "ಗೊತ್ತಿರೋದು ನಿನ್ನೊಬ್ಬಳಿಗೆ," ಎಂದಳು. "ಹಾಲಪ್ಪಯ್ಯಂಗೆ ನೀನು ಹೂಂ ಅಂದ್ರೆ ಹೂಂ. ನಿನ್ನ ತಲೇಲಿರೋ ಪಟ್ಟಿ ಯಾರು ನೋಡ್ತಾರೆ? ಅವನು ಮಾಡಿದ್ದೇ ನಾನು ಮಾಡ್ದೆ, ನಂದು ನಾನು ತಗೊಳ್ಳೋಕೆ."

ಒಂದು ಹೂಂ. ಅಷ್ಟೇ ಬೇಕಿದ್ದದ್ದು. ನನ್ನ ಗಂಟಲವರೆಗೂ ಬಂದಿತ್ತು. ಆದರೆ ಶೇಷಪ್ಪನ ಚಪ್ಪಲಿ ಕಿಟಕಿಯ ಕೆಳಗೆ ಏನೂ ಅರಿಯದ ಹಸುವಿನ ಹಾಗೆ ನಿಂತಿತ್ತು. ನನ್ನ ಚಪ್ಪಲಿಯೂ ಹೀಗೇ ನಿಂತಿತ್ತಲ್ಲ, ನನಗೆ ವಯಸ್ಸಾಯಿತು ಎನ್ನುವ ಚೀಟಿ ಹಿಡಿದು. ನಾನು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ, ಬೀಜಗಳನ್ನು ಮುದ್ದಮ್ಮನ ಕೈಯಲ್ಲಿಟ್ಟೆ. ಅವಳು ಅವನ್ನು ನನ್ನ ಮೇಜಿನ ಮೇಲೇ ಎಸೆದು ಹೋದಳು. ಇಪ್ಪತ್ತೆರಡು ದಿನ ನನ್ನ ಕೂಡ ಮಾತಾಡಲಿಲ್ಲ. ಕಾವಲಿ ಹೋದಾಗಿನಿಂದ ನನಗೆ ಬೆಳಗ್ಗೆ ತಂಗಳೇ, ಆ ಇಪ್ಪತ್ತೆರಡು ದಿನ ಅದೂ ರುಚಿಸಲಿಲ್ಲ.

ಇಪ್ಪತ್ತಮೂರನೇ ದಿನ ಬೀದಿಯಲ್ಲಿ ಸದ್ದಾಯಿತು. ಟಪ್, ಠಕ್, ಟಪ್, ಠಕ್. ಶೇಷಪ್ಪನ ಚಪ್ಪಲಿ ಕುಂಟುತ್ತ ಬರುತ್ತಿತ್ತು. ಜನ ಬಾಗಿಲಿಗೆ ಬಂದು ನೋಡಿದರು. ಹಿಂದೆ ಶೇಷಪ್ಪ ತಾನೇ ಬರಿಗಾಲಲ್ಲಿ, ಗೋಣಿಯಲ್ಲಿ ಸುತ್ತಿದ ಕಾವಲಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದ.

"ಏನಾಯ್ತು ಶೇಷಪ್ಪ?" ಎಂದೆ.

"ತಾಯಮ್ಮೋರೆ, ಕಪ್ಪಗೆ ಕೊಳೆ ಕಟ್ಟಿತ್ತು. ತಂದ ಮೊದಲನೇ ದಿನವೇ ಬೂದಿ, ನಾರು ಹಾಕಿ ಫಳಫಳ ಅನ್ನೋ ಹಂಗೆ ಉಜ್ಜಿದೆ. ಆವತ್ತಿಂದ ಒಂದು ದೋಸೆನೂ ಏಳಲ್ಲ. ಮೇಷ್ಟ್ರು ನಿನ್ನೆ, ಇದು ಉಪ್ಪಿಟ್ಟೂ ಅಲ್ಲ ಅಂದ್ಬುಟ್ರು."

ನೂರು ವರ್ಷದ ಎಣ್ಣೆ, ಮೂರು ತಲೆಮಾರಿನ ಈರುಳ್ಳಿ ಉಜ್ಜಿದ ಹದ, ಅದನ್ನು ಕೊಳೆ ಎಂದು ಒಂದೇ ಬೆಳಗ್ಗೆ ತೊಳೆದಿದ್ದ. ನಾನು ಚೀಟಿ ತೆಗೆದೆ. ಹಲಸಿನ ಬೀಜ ಉರುಳಿ ಬಿತ್ತು, ಅವನದೇ. ಒಳಗೆ ಕೊಟ್ಟೆ. ಮುದ್ರೆಯ ಸದ್ದು ಬೀದಿಗೆಲ್ಲ ಕೇಳಿಸಿತು.

ಸದ್ದು ಕೇಳಿ ಬಂದ ಮುದ್ದಮ್ಮ ಗೋಣಿ ಬಿಚ್ಚಿದಳು. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದ ಕಬ್ಬಿಣದಲ್ಲಿ ಅವಳ ಮುಖ ಕಾಣುತ್ತಿತ್ತು. ಬೈಯುತ್ತಾಳೆ ಎಂದು ಶೇಷಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಬೆರಳಿನಿಂದ ಒಂದು ಸಲ ಸವರಿ, "ನಮ್ಮತ್ತೆ ಮುಖ ತೊಳ್ದಂಗೆ ಮಾಡ್ಬುಟ್ಟಿದ್ದೀಯಲ್ಲೋ," ಎಂದಳು. "ಹೋಗು, ಅರ್ಧ ಮಣ ಈರುಳ್ಳಿ ತಂದಾಕು. ರುಬ್ಬೋ ಗುಂಡು ನೀನೇ ಹೊತ್ಕೊಂಡ್ ಬಾ, ಆಳು ಕಳಿಸ್ಬೇಡ."

ಆಮೇಲೆ ಎರಡು ತಿಂಗಳು ಅವಳು ಬೇರೆ ಕೆಲಸ ಮಾಡಲಿಲ್ಲ. ಕಾಯಿಸುವುದು, ಎಣ್ಣೆ ಹಚ್ಚುವುದು, ಅರ್ಧ ಈರುಳ್ಳಿಯಿಂದ ಉಜ್ಜುವುದು, ಆರಿಸುವುದು. ಹುಯ್ದ ದೋಸೆ ಅಂಟುವುದು, ಕೆರೆದು ಹಸುವಿಗೆ ಹಾಕುವುದು. ಬೀದಿಯ ಹಸುಗಳೆಲ್ಲ ಮೈಕೈ ತುಂಬಿಕೊಂಡವು. ನಾನು ಬೆಳಗ್ಗೆ ಅವಳ ಎದುರು ಕೂರುತ್ತಿದ್ದೆ. ಅವಳು ಬಾ ಎನ್ನುತ್ತಿರಲಿಲ್ಲ, ಹೋಗು ಎಂದೂ ಹೇಳುತ್ತಿರಲಿಲ್ಲ.

ಒಂದು ಬೆಳಗ್ಗೆ ದೋಸೆಯ ಒಂದು ಅಂಚು ತಾನಾಗಿ ಎದ್ದಿತು. ಅವಳು ಮಗುಚುವ ಕೈ ತೋರಿಸಿದಳು. ಸ್ವಲ್ಪ ಯೋಚಿಸಿ, ದೋಸೆ ಮಗ್ಗುಲಾಯಿತು. ನನ್ನ ತಟ್ಟೆಗೆ ಹಾಕಿದಳು, ಚಟ್ನಿ ಎರಡು ಸಲ, ನಾನು ಕೇಳದೆಯೇ. ತಿಂದು ಹಿತ್ತಿಲಲ್ಲಿ ಕೈ ತೊಳೆದು ಬಾಗಿಲಿಗೆ ಬಂದರೆ ನನ್ನ ಚಪ್ಪಲಿ ಇಲ್ಲ. ತಿರುಗಿ ನೋಡಿದೆ. ಮುದ್ದಮ್ಮ ಕಾವಲಿಗೆ ಈರುಳ್ಳಿ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ.

ಬರಿಗಾಲಲ್ಲಿ ಕಚೇರಿಗೆ ಹೋದೆ. ಚಪ್ಪಲಿ ನನ್ನ ಕಿಟಕಿಯ ಮುಂದೆ ಕಾಯುತ್ತಿತ್ತು. ಚೀಟಿಯ ತುದಿಗೆ ದೋಸೆಹಿಟ್ಟು ಒಣಗಿತ್ತು. 'ನಾಳೆಯೂ ಮುದ್ದಮ್ಮನ ಮನೆಗೆ ದೋಸೆಗೆ ಹೋಗುತ್ತೇನೆ. ನಾಡಿದ್ದೂ. ಇಂತಿ ಚಿಕ್ಕತಾಯಮ್ಮ.'

ಬಿಡಿಸಿ ಕೊಡವಿದೆ, ಮೇಜಿನ ಕೆಳಗೂ ಹುಡುಕಿದೆ. ಬೀಜ ಇರಲಿಲ್ಲ. ನಿಯಮದ ಪ್ರಕಾರ ಹರಿದು ಬುಟ್ಟಿಗೆ ಹಾಕಬೇಕು. ಹಾಲಪ್ಪಯ್ಯನವರು ಒಳಗಿನಿಂದ, "ಏನದು ತಾಯಮ್ಮ, ಚೀಟಿಯೇ?" ಎಂದು ಕೇಳಿದರು.

"ಏನೂ ಇಲ್ಲ ಬುದ್ಧಿ," ಎಂದು ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡೆ.